ಅಯ್ಯನವರು ಪ್ರಾರ್ಥನೆಯಲ್ಲಿದ್ದಾರೆ

ಅವತ್ತೂ ಇಂಥದ್ದೇ ಒಂದು ಗುರುವಾರ, ಅಕ್ಕಾ. ಎಷ್ಟು ಸಲ ಹೇಳಲಿ? ಬೆಳಿಗ್ಗೆ ಸಂಘದ ಹೆಂಗಸರು ಬಂದಿದ್ದರು, ಚಾಪೆ ನೇಯೋದು ಎಲ್ಲಿಗೆ ಬಂತು ಅಂತ ನೋಡಿದ್ದಾಯ್ತು. ಬಟ್ಟೆ ಒಗೆದೆ. ಇವರ ಬಿಳಿ ಕೋಟಿಗೆ ಇಸ್ತ್ರಿ ಹಾಕಿದೆ. ಮಧ್ಯಾಹ್ನಕ್ಕೆ ಸುಟ್ಟ ದೀವಿಹಲಸು, ಮೀನು. ಉಂಡರು, ಕೈ ತೊಳೆದರು, ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು... ದಿನಾ ಹೋಗೋ ಹಾಗೆ. ನಾನು ಹಿಂದೆ ಅಡುಗೆಮನೇಲಿ ಕಾಯಿ ತುರೀತಾ ಕೂತೆ. ಸಂಜೆ ಪ್ರಾರ್ಥನೆ ಗಂಟೆ ಬಾರಿಸಿದ ಮೇಲೆ ಕೋಕೋ ತಗೊಂಡು ಬಾಗಿಲು ತಟ್ಟಿದೆ. ಉತ್ತರ ಇಲ್ಲ. ತಳ್ಳಿದೆ. ಚಾಪೆ ಮೇಲೆ... ಅಷ್ಟೇ. ಅಷ್ಟೇ ಅಕ್ಕಾ!

ಯಾಕೆ ಹಾಗೆ ನೋಡ್ತೀಯ?

ಆ ಪೆಟ್ಟಿಗೆ ಇತ್ತ ತಳ್ಳು. ತಟ್ಟೆಗಳು ಇದರಲ್ಲಿ. ಇದು ನನ್ನದು, ಇದು ಊರಿನದು... ಆ ದೀಪಾನೂ ಊರಿನದೇ, ಅಲ್ಲೇ ಇಡು. ನಾಳೆ ಬೆಳಗಿನ ಹಡಗಿಗೆ ಹೊಸ ಅಯ್ಯನವರು ಬರ್ತಾರೆ. ಅವರ ಹೆಂಡತಿ ಚಿಕ್ಕವಳಂತೆ, ಪಾಪ. ಬಂದು ಎಲ್ಲೆಲ್ಲಿ ಧೂಳಿದೆ ಅಂತ ನೋಡಬಾರದು ನೋಡು. ಬೋಧಕ ಹೋದಮೇಲೆ ಬೋಧಕನ ಹೆಂಡತಿ ಜಾಗ ಖಾಲಿ ಮಾಡಬೇಕು, ಅದು ಎಲ್ಲಾ ಕಡೆ ಇದ್ದದ್ದೇ. ಬೇಜಾರಿಲ್ಲ ನನಗೆ. ಇಲ್ಲ ಅಂದೆನಲ್ಲ!

ಆದರೆ ಆ ಕೋಣೆ ಮಾತ್ರ ನೀನೇ ಗುಡಿಸು.

ನೀನೊಬ್ಬಳು! ಬೆಳಿಗ್ಗೆ ಬಂದವಳು ಆಡಿದ್ದು ಒಂದೇ ಮಾತು. "ಪೆನಿನಾ, ಹೊರಡೋ ಮುಂಚೆ ಇಬ್ಬರೂ ಆ ಕೋಣೇಲಿ ಒಂದು ಗಳಿಗೆ ಸುಮ್ಮನೆ ದೇವರ ಮುಂದೆ ಕೂರೋಣ." ಆಮೇಲೆ ಬಾಯಿಗೆ ಬೀಗ. ಕೂರೋಣ! ಯಾರು ಕೂರೋದು? ಹಂಡೆ ಉಜ್ಜೋರು ಯಾರು? ಹೊಸಬರ ಹಾಸಿಗೆ ಬಿಸಿಲಿಗೆ ಹಾಕೋರು ಯಾರು? ನೀವು ಕೂರೋರೆಲ್ಲಾ ಹೀಗೇ. ನೀವು ಕೂತಾಗ ಒಲೆ ತಾನಾಗೇ ಉರಿಯುತ್ತೆ, ಅಲ್ವಾ?

ನಗಬೇಡ. ನಗೋ ಮಾತಲ್ಲ ಇದು.

ಇಪ್ಪತ್ತಾರು ವರ್ಷ ಅಕ್ಕಾ. ಇವರು ದೇವರ ಜೊತೆ, ನಾನು ತುರಿಯೋ ಮಣೆ ಜೊತೆ. ಯಾರಾದರೂ ಮಗೂಗೆ ಜ್ವರ ಅಂತ ಬಂದರೆ, "ಅಯ್ಯನವರು ಪ್ರಾರ್ಥನೆಯಲ್ಲಿದ್ದಾರೆ, ನಡಿ ನಾನು ಬರ್ತೀನಿ." ಊರಿನ ಯಾರೋ ಅಣ್ಣತಮ್ಮಂದಿರು ಬೇಲಿಗಾಗಿ ಕತ್ತಿ ಹಿಡಿದು ಬಂದರೆ, "ಶ್! ಅಯ್ಯನವರು ಪ್ರಾರ್ಥನೆಯಲ್ಲಿದ್ದಾರೆ, ಕತ್ತಿ ಕೆಳಗಿಡಿ, ಮೊದಲು ಕೋಕೋ ಕುಡೀರಿ." ಊರವರು ಈ ಮನೆ ಮುಂದೆ ಹೋಗುವಾಗ ಕೊಡೆ ಮಡಚಿಕೊಂಡು ಹೋಗ್ತಾರಲ್ಲ, ಆ ಮರ್ಯಾದೆ ಯಾರಿಗೆ? ಕಿಟಕಿ ಕೆಳಗೆ ಕೋಳಿ ಕೂಗಿದರೆ ಅದನ್ನೂ ಸದ್ದಿಲ್ಲದೆ ಅಟ್ಟೋದು ಕಲಿತಿದ್ದೆ ನಾನು. ಬರೀ ಕೈ ಬೀಸಿ! ಇಡೀ ಸವಾಯಿ ದ್ವೀಪದಲ್ಲಿ ಬೋಧಕರ ಹೆಂಡತಿಯರಿದ್ದಾರೆ, ನನ್ನಷ್ಟು ಚೆನ್ನಾಗಿ ಕೋಳಿ ಅಟ್ಟೋರು ಒಬ್ಬರೂ ಇಲ್ಲ.

ಮಣ್ಣು ಮಾಡೋ ದಿನ ಎಲ್ಲರೂ ಏನಂದರು, ಕೇಳಿದೆಯಲ್ಲ? "ಎಂಥಾ ಪ್ರಾರ್ಥನೆಯ ಮನುಷ್ಯ! ಎಷ್ಟು ಶಾಂತ!" ಹೂಂ, ಶಾಂತ. ಆ ಶಾಂತಿ ಎಲ್ಲಿ ತಯಾರಾಗ್ತಿತ್ತು ಅಂತ ಒಬ್ಬರೂ ಹಿಂದಿನ ಬಾಗಿಲಿಗೆ ಬಂದು ನೋಡಲಿಲ್ಲ.

ಏನು? ಅವರು ಕರೀತಿರಲಿಲ್ವಾ ಅಂತಾನಾ?

...ಕರೀತಿದ್ದರು. ಅದನ್ನ ಇಲ್ಲ ಅನ್ನಲ್ಲ. ಮದುವೆಯಾದ ಹೊಸದರಲ್ಲಿ ನಾನೇ ಕೇಳಿದ್ದೆ, ನಾನೂ ಬಂದು ಕೂರಲಾ ಅಂತ. "ಬಾ" ಅಂತ ಚಾಪೆ ಮೇಲೆ ಜಾಗ ಬಿಟ್ಟರು. ಕೂತೆ. ಕಣ್ಣು ಮುಚ್ಚಿದ್ದೇ ತಡ, ಹೊರಗೆ ಯಾರೋ ಕೂಗಿದರು. ಎದ್ದು ಹೋದೆ. ಆಮೇಲೂ ಎಷ್ಟೋ ದಿನ ಬಾಗಿಲು ಹಾಕೋ ಮುಂಚೆ ತಿರುಗಿ ನೋಡೋರು. "ಬಾ ಪೆನಿನಾ, ಕೆಲಸ ಎಲ್ಲೂ ಓಡಿಹೋಗಲ್ಲ." ಅದೇ ತಾನೇ ಕಷ್ಟ! ಓಡಿಹೋಗಿದ್ದರೆ ಬರ್ತಿದ್ದೆ. "ಬಂದೆ, ಇದೊಂದು ಮುಗಿಸಿ ಬಂದೆ" ಅನ್ನೋಳು. ಅವರು ನಗೋರು. ಬೇರೆಯವರ ಹತ್ತಿರ ನಗ್ತಿರಲಿಲ್ಲ ಹಾಗೆ.

ಆ ಚಾದರ ಮಡಚೋದು ಯಾಕೆ ನಿಲ್ಲಿಸಿದೆ? ಮಡಚು. ಹೊತ್ತಾಗ್ತಿದೆ.

ಅಕ್ಕಾ, ಹೀಗೆ ಮೂಕಿ ಥರ ಕೂರಬೇಡ. ಏನಾದರೂ ಬೈ. ಅವತ್ತಿಂದ ಹೀಗೇ ಆಡ್ತಿದ್ದೀಯ. ಇವರ ಮೈ ತೊಳೆದು ಹೊರಗೆ ಬಂದಾಗಲೂ ಹೀಗೇ ಇದ್ದೆ. ಎಲ್ಲರೂ ನನ್ನ ಅಪ್ಪಿಕೊಂಡು ಅತ್ತರು, ನೀನು ಅಳಲಿಲ್ಲ. ಬಾಗಿಲ ಹತ್ತಿರ ನಿಂತು ನನ್ನ ಮುಖಾನೇ ನೋಡ್ತಿದ್ದೆ.

ಗೊತ್ತು ನನಗೆ. ನಿನಗೆ ಗೊತ್ತು ಅಂತ ನನಗೆ ಗೊತ್ತು.

ಅವತ್ತು ಇವರಿಗೆ ಕೋಟಿನ ತೋಳು ಹಾಕೋಕೆ ಆಗಲಿಲ್ಲ ನಿನಗೆ. ಬೆನ್ನಿನ ಹೊಲಿಗೆ ಬಿಚ್ಚಬೇಕಾಯ್ತು. ಕತ್ತರಿ ತಂದುಕೊಟ್ಟವಳು ನಾನೇ. ಆಸ್ಪತ್ರೆ ಕೆಲಸದಲ್ಲೇ ಜೀವಮಾನ ಕಳೆದವಳು ನೀನು. ಆಗತಾನೇ ಹೋದವರ ಮೈ ಹಾಗೆ ಸೆಟೆದುಕೊಳ್ಳಲ್ಲ, ಅಲ್ವಾ? ಯಾರಿಗೂ ಹೇಳಲಿಲ್ಲ ನೀನು. ನನ್ನನ್ನೂ ಕೇಳಲಿಲ್ಲ. ಕೇಳಬಹುದಿತ್ತು.

ಹೂಂ. ಗಂಟೆ ಬಾರಿಸಿದ ಮೇಲೆ ಅಲ್ಲ. ಮಧ್ಯಾಹ್ನಾನೇ.

ಒಳಗೆ ಏನೋ ಬಿದ್ದ ಸದ್ದಾಯ್ತು. ತುರಿ ಮೆತ್ತಿದ ಕೈಯಲ್ಲೇ ಓಡಿದೆ. ಗೋಡೆ ಕಡೆ ಒರಗಿಕೊಂಡಿದ್ದರು, ಒಂದು ಕಾಲು ಚಾಪೆಯಿಂದಾಚೆ. ಕೂಗೋಕೆ ಅಂತ ಬಾಗಿಲ ಹತ್ತಿರ ಬಂದೆ... ಬಂದೆ ಅಕ್ಕಾ, ದೇವರಾಣೆ. ಬಾಗಿಲ ಮೇಲೆ ಕೈ ಇಟ್ಟೆ. ಆಗ ಎಲ್ಲಾ ಕಣ್ಣ ಮುಂದೆ ಬಂತು. ಒಂದು ಸಲ ಕೂಗಿದರೆ ಸಾಕು, ಊರೇ ಒಳಗೆ ಬರುತ್ತೆ. ಹಂದಿ ಕಡೀಬೇಕು. ಕುಲಕುಲದವರೂ ಸಾವಿನ ಕಾಣಿಕೆ ಅಂತ ಚಾಪೆ ಹೊತ್ತು ಬರ್ತಾರೆ, ಕೂರಿಸಬೇಕು, ಬಡಿಸಬೇಕು, ತಿರುಗಿ ಕೊಡಬೇಕು. ನನ್ನ ಗಂಡನ ಸಾವಿಗೆ ನಾನೇ ಒಲೆ ಮುಂದೆ! ಅವರ ಪಕ್ಕ ಒಂದು ಗಳಿಗೆ ಕೂರೋಕೂ ನನ್ನ ಬಿಡಲ್ಲ ಯಾರೂ.

ಬಾಗಿಲು ಹಾಕಿಕೊಂಡೆ. ಒಳಗಿನಿಂದ.

ಕೂತೆ. ಸುಮ್ಮನೆ ಕೂತೆ. ಹೊರಗೆ ಹಾಡೋ ಹುಡುಗಿಯರು ಅಭ್ಯಾಸಕ್ಕೆ ಬಂದರು. ನಮ್ಮ ಕಿಟಕಿ ಹತ್ತಿರ ಬರ್ತಿದ್ದ ಹಾಗೇ ಒಬ್ಬಳು, "ಶ್! ಅಯ್ಯನವರು ಪ್ರಾರ್ಥನೆಯಲ್ಲಿದ್ದಾರೆ" ಅಂದಳು. ಎಲ್ಲರೂ ಸಮುದ್ರದ ದಡಕ್ಕೆ ಹೋಗಿ ಅಲ್ಲಿ ಹಾಡಿದರು. ನನಗಾಗಿ, ಅಕ್ಕಾ! ಜನ್ಮದಲ್ಲಿ ಮೊದಲ ಸಲ ನನಗಾಗಿ ಯಾರೋ ದನಿ ಇಳಿಸಿದರು. ಯಾರೂ ಪೆನಿನಾ ಅಂತ ಕೂಗಲಿಲ್ಲ. ಒಲೆ ಆರಿಹೋಯ್ತು, ನಾನು ಏಳಲಿಲ್ಲ. ಬಿಸಿಲು ನೆಲದ ಮೇಲೆ ಸರೀತಾ ಸರೀತಾ ಗೋಡೆ ಹತ್ತಿತು. ಆಗ... ಹೇಗೆ ಹೇಳಲಿ... ದೇವರು ಅಲ್ಲಿದ್ದ. ಇದ್ದ ಅಕ್ಕಾ! ಇಷ್ಟು ವರ್ಷ ಇವರು ಏನಕ್ಕೆ ಕೂರ್ತಿದ್ದರು ಅಂತ ಅವತ್ತು ಗೊತ್ತಾಯ್ತು. ಅದೇ ಕೋಣೆ, ಅದೇ ಚಾಪೆ, ನಾನು ಹೊರಗಿಂದ ಕೋಳಿ ಅಟ್ಟಿದ ಅದೇ ಕಿಟಕಿ. ಅಷ್ಟು ಒಳ್ಳೇ ಮಧ್ಯಾಹ್ನ ನನ್ನ ಬದುಕಲ್ಲಿ ಇನ್ನೊಂದಿಲ್ಲ. ಇದನ್ನ ಯಾರ ಹತ್ತಿರ ಹೇಳಲಿ? ಯಾವ ಬಾಯಲ್ಲಿ ಹೇಳಲಿ?

ಅದಕ್ಕೇ ಆ ಕೋಣೆ ಬೇಡ ಅನ್ನೋದು. ಆಯ್ತಲ್ಲ? ಎಲ್ಲಾ ಹೇಳಿಬಿಟ್ಟೆ. ಕೊಡು ಆ ಚಾದರ.

ಕೊಡು...

ಇನ್ನೇನು? ಹೇಳಿದೆನಲ್ಲ. ನಾನು ಒಳಗೆ ಹೋಗೋ ಹೊತ್ತಿಗೆ ಮುಗಿದೇಹೋಗಿತ್ತು. ಇಲ್ಲ, ಹಾಗಂತ ಹೇಳಲಿಲ್ಲ, ಈಗ ಹೇಳ್ತಿದ್ದೀನಿ. ಮುಗಿದೇಹೋಗಿತ್ತು. ಆಸ್ಪತ್ರೆ ಗಾಡಿ ಪಕ್ಕದ ಊರಲ್ಲೇ ನಿಂತಿತ್ತು, ಗೊತ್ತು. ಅವತ್ತು ನೀನೇ ಡ್ಯೂಟಿಯಲ್ಲಿದ್ದೆ, ಗೊತ್ತು. ನಾನೇನು ನಿನ್ನ ಥರ ಓದಿದವಳಾ, ನಾಡಿ ನೋಡೋಕೆ? ಬಾಗಿಲು ಹಾಕಿದೆ, ಬಂದು ಪಕ್ಕ ಕೂತೆ, ಕೈ ಹಿಡಿದುಕೊಂಡೆ. ಅಷ್ಟೇ.

ಅಕ್ಕಾ, ಆ ಕಣ್ಣು ಬೇಡ. ಏನಾದರೂ ಕೇಳು. ಬಾಯಿ ಬಿಟ್ಟು ಕೇಳಿಬಿಡು.

...

ನಾನು ಕೈ ಹಿಡಿದೆ. ಅವರೂ ಹಿಡಿದುಕೊಂಡರು.