ಹತ್ತು ನಿಮಿಷದ ಅರ್ಜಿ

...ನಗ್ಬೇಡ ಅಕ್ಕ! ಮೂರನೇ ಸಲ ಅಳಿಸಿ ಹೋಯ್ತು, ಅಷ್ಟೇ ತಾನೇ? ಇಡೀ ಇಲಾಖೆಗೆ ಈ ವೆಬ್‌ಸೈಟ್ ಮಾಡಿಸಿದ ಮಹಾಶಯನಿಗೇ ಒಂದು ವಿಧವಾ ಪಿಂಚಣಿ ಅರ್ಜಿ ತುಂಬೋಕೆ ಬರಲ್ಲ ಅಂತ ತಾನೇ? ನಗು, ನಗು... ನನಗೇ ನಗು ಬರ್ತಿದೆ.

ಸರಿ, ಮತ್ತೆ ಮೊದಲಿಂದ. ಭಾವನ ಮರಣ ಪ್ರಮಾಣಪತ್ರದ ನಂಬರ್ ಹೇಳು. ಅಯ್ಯೋ, ಪ್ರತಿ ಅಂಕೀನೂ ಎರಡೆರಡು ಸಲ ತಾಳೆ ನೋಡ್ಬೇಡ! ಹತ್ತು ನಿಮಿಷ ಆದ್ರೆ ಈ ಪುಟ ಮುಖ ತಿರುಗಿಸ್ಕೊಂಡು ಹೋಗ್ಬಿಡುತ್ತೆ. ಯಾಕೆ ಅಂದ್ರೆ... ಖರ್ಚು ಅಕ್ಕ, ಖರ್ಚು! ಅರ್ಧ ತುಂಬಿದ ಅರ್ಜಿ ಉಳಿಸಿಡೋಕೆ ಖರ್ಚು, ಫೋನ್ ಎತ್ತಿ ಉತ್ತರ ಹೇಳೋಕೆ ಜನ ಇಟ್ರೆ ಖರ್ಚು. ಎರಡಕ್ಕೂ ಕತ್ತರಿ ಹಾಕಿದ ಜಾಣ ಯಾರು? ಇದೇ ನಿನ್ನ ತಮ್ಮ! ಇಲಾಖೆಯವರು ಮೆಚ್ಚಿ ಪ್ರಶಸ್ತಿ ಫಲಕ ಬೇರೆ ಕೊಟ್ರು. ಈಗ ಅದು ನಮ್ಮ ಅಡುಗೆಮನೆ ಬಾಗಿಲು ಹೊಡ್ಕೊಳ್ದ ಹಾಗೆ ಅಡ್ಡ ಕೂತಿದೆ.

ಏನು? ಹತ್ತು ನಿಮಿಷ ಸಾಕು ಅಂತ ಯಾರು ಹೇಳಿದ್ರು ಅಂತಾನಾ? ಪರೀಕ್ಷೆ ಮಾಡಿದ್ವಿ ಕಣಕ್ಕ! ಎದುರಿಗೆ ಕೂರಿಸಿ, ಗಡಿಯಾರ ಇಟ್ಕೊಂಡು! ಐದು ಜನ, ಐದೂ ಜನ ಎಂಟೇ ನಿಮಿಷದಲ್ಲಿ ಮುಗಿಸಿದ್ರು. ಹೂಂ... ಐದೂ ಜನ ನಮ್ಮ ಆಫೀಸಿನವರೇ, ಅದಕ್ಕೇನೀಗ?

ಥತ್, ಹೋಯ್ತು! ನಾಲ್ಕನೇ ಸಲ! ಇವತ್ತೇ ಕೊನೇ ದಿನ, ಐದು ಗಂಟೆಗೆ ಮುಚ್ಚುತ್ತೆ ಅಕ್ಕ, ಇವತ್ತು ತಪ್ಪಿದ್ರೆ ಪಿಂಚಣಿ ಮುಂದಿನ ವರ್ಷವೇ... ಬೆರಳು ಯಾಕೆ ಎಣಿಸ್ತಿದ್ದೀಯ? ಐದು ಅಂದ್ನಲ್ಲ. ಐದೇ.

ಹಾಗೆ ನೋಡ್ಬೇಡ... ಹೌದು. ಆವತ್ತು ನಿನ್ನನ್ನೂ ಕರ್ಕೊಂಡು ಹೋಗಿದ್ದೆ. ನೀನು ಹೊಲಿಗೆ ಮಿಷನ್ ನಿಲ್ಲಿಸಿ, ಒಳ್ಳೆ ಬಟ್ಟೆ ಹಾಕ್ಕೊಂಡು ಬಂದಿದ್ದೆ. ನಲವತ್ತು ನಿಮಿಷ ತಗೊಂಡೆ. ಒಂದೂ ತಪ್ಪಿಲ್ದೆ ತುಂಬಿದ್ದು ನೀನೊಬ್ಬಳೇ. "ಅಕ್ಕ, ನಿನ್ನಂಥವರಿಗೋಸ್ಕರಾನೇ ಇದೆಲ್ಲ" ಅಂದಿದ್ದೆ, ಅಲ್ವಾ? ಆಮೇಲೆ ವರದಿಯಲ್ಲಿ ಆರನೇ ಸಾಲು... ನಾನೇ ತೆಗೆದುಹಾಕಿದೆ. ನಿನ್ನ ನಲವತ್ತು ನಿಮಿಷ ಅಲ್ಲಿದ್ರೆ ಫಲಕ ಬರ್ತಿರ್ಲಿಲ್ಲ.

ಬೈಯಿ ಅಕ್ಕ.

ಇದೇನು? ಭಾವನ ಗಡಿಯಾರ ತಂದು ನನ್ನ ಮುಂದೆ ಯಾಕೆ ಇಟ್ಟೆ?

...ಸರಿ ಅಕ್ಕ, ಸಮಯ ನೋಡ್ಕೋ. ಶುರು ಮಾಡ್ತೀನಿ.