ಕೆಂಪು ಬಂದರೆ ಸಾಕು

ನಮ್ಮ ಕಂಪನಿಯ ಮಾನ್ಯ ಅಧ್ಯಕ್ಷರೇ, ಬಟನ್ ಒತ್ತಲೆಂದೇ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಸ್ವಾಗತಕ್ಕೆ ಎರಡು ಮಾತು ಸಾಕು ಎಂದಿದ್ದರು. ಕ್ಷಮಿಸಿ, ನಾನು ಸ್ವಲ್ಪ ಹೆಚ್ಚೇ ಮಾತಾಡಬೇಕಾಗಿದೆ. ಅತಿಥಿಗಳು ದಯವಿಟ್ಟು ಬಟನ್ ಮೇಲಿಂದ ಕೈ ತೆಗೆಯಬೇಕು. ಇನ್ನೂ ಸಮಯವಿದೆ ಸರ್.

ಅದನ್ನು ಒತ್ತಿದರೆ ಏನಾಗುತ್ತದೆ? ನಮ್ಮ ಹೊಸ ಪ್ರೋಗ್ರಾಂ ಆಸ್ಪತ್ರೆಗಳ, ಶಾಲೆಗಳ, ಈ ಕಟ್ಟಡದ ಲಿಫ್ಟುಗಳಿಗೆಲ್ಲ ಒಮ್ಮೆಲೇ ಹೋಗುತ್ತದೆ. ಬಾಗಿಲ ನಡುವೆ ಕೈ ಸಿಕ್ಕರೆ ಬಾಗಿಲು ತೆರೆದುಕೊಳ್ಳಬೇಕು. ತೆರೆದುಕೊಳ್ಳುತ್ತದೆಯೇ ಎಂದು ನೋಡಲು ಪರೀಕ್ಷೆಗಳಿವೆ. ಅವೂ ನಾವು ಬರೆದ ಕೋಡೇ. ಸರಿಯಿದ್ದರೆ ಪರದೆಯಲ್ಲಿ ಹಸಿರು, ತಪ್ಪಿದ್ದರೆ ಕೆಂಪು.

ಆ ಪರೀಕ್ಷೆಗಳು ನಡೆಯುವುದು ಮೆಥಡ್ ಎಂಬ ಸಿದ್ಧ ಆಜ್ಞೆಗಳಿಂದ. ಅವುಗಳಲ್ಲಿ ಹಳೆಯ ಮೆಥಡ್‌ಗಳನ್ನು ಇನ್ನು ಬಳಸಬೇಡಿ, ಸದ್ಯದಲ್ಲೇ ತೆಗೆದುಹಾಕುತ್ತೇವೆ ಎಂದು ಅವನ್ನು ಮಾಡಿಕೊಟ್ಟ ಹೊರಗಿನ ಕಂಪನಿಯವರೇ ಹೇಳಿದ್ದರು. ಅವುಗಳ ಜಾಗದಲ್ಲಿ ಹೊಸವನ್ನು ಹಾಕಿದವಳು ನನ್ನ ತಂಗಿ. ಹೌದು, ಒಡಹುಟ್ಟಿದವಳೇ, ಇಬ್ಬರದೂ ಒಂದೇ ಕಚೇರಿ. ಚಿಕ್ಕಂದಿನಲ್ಲಿ ಮನೆಗೆ ಬೀಗ ಹಾಕಿ ಹೊರಟರೆ ಬೀದಿಯ ಕೊನೆಯಿಂದ ವಾಪಸು ಓಡಿ ಹೋಗಿ ಜಗ್ಗಿ ನೋಡುತ್ತಿದ್ದವಳು. "ಬೀಗ ನಿನ್ನ ನೋಡಿದ್ರೇ ಹೆದರುತ್ತೆ ಕಣೇ" ಎಂದು ಅಪ್ಪ ಗೋಳು ಹುಯ್ದುಕೊಳ್ಳುತ್ತಿದ್ದರು.

ಈಗ ನಾನು ವೇದಿಕೆ ಹತ್ತುವಾಗ ಅವಳು ನನ್ನ ಕೈ ಹಿಡಿದಳು. ಮುಖ ಬಿಳಿಚಿಕೊಂಡಿತ್ತು. "ಅಕ್ಕಾ, ಹಳೇ ಮೆಥಡ್ ಬಾಗಿಲು ತೆರೆಯೋವರೆಗೂ ತಾನೇ ಕಾದು ನೋಡ್ತಿತ್ತು. ಹೊಸದಕ್ಕೆ ಕಾಯಿ ಅಂತ ನಾವೇ ಹೇಳ್ಬೇಕಂತೆ. ನಾನು ಹೇಳಿಲ್ಲ ಕಣಕ್ಕ. ಏನೂ ನೋಡದೇನೇ ಹಸಿರು ತೋರಿಸ್ತಿದೆಯೋ ಏನೋ! ಬೇಕಂತಲೇ ಬಾಗಿಲಿನ ಕೋಡ್ ಕೆಡಿಸಿ ಪರೀಕ್ಷೆ ಓಡಿಸ್ತೀನಿ. ನಾನು ಬರೋವರೆಗೂ ಮಾತು ಎಳೀತಿರು."

"ಅಧ್ಯಕ್ಷರಿಗೇ ಹೇಳಿಬಿಡೋಣ" ಎಂದೆ.

"ಬೇಡ. ಇನ್ನೊಂದ್ಸಲ ಮುಂದೂಡಿದ್ರೆ ಕೆಲಸ ಬಿಡಿಸಿ ಮನೆಗೆ ಕಳಿಸ್ತೀನಿ ಅಂತ ನಂಗೆ ಅಂದಿದಾರೆ."

ಅಂದಿದ್ದಿರಲ್ಲವೇ ಅಧ್ಯಕ್ಷರೇ? ಸಿಟ್ಟಿನಲ್ಲಿ ಅಂದಿರಬಹುದು. ಅಂದಿನಿಂದ ಅವಳಿಗೆ ಸರಿಯಾಗಿ ಊಟ ಸೇರುತ್ತಿಲ್ಲ. ಅಯ್ಯೋ, ಇದನ್ನೆಲ್ಲ ಇಲ್ಲಿ ಹೇಳಬಾರದಿತ್ತೇನೋ. ಬಾಯಿಗೆ ಬಂದುಬಿಟ್ಟಿತು, ಇರಲಿ.

ಪಕ್ಕದ ಕೋಣೆಯಲ್ಲಿ ಆ ಪರೀಕ್ಷೆ ಓಡುತ್ತಿದೆ. ಕೆಡಿಸಿದ ಕೋಡಿಗೆ ಕೆಂಪು ಬಂದರೆ ಪರೀಕ್ಷೆಗೆ ಕಣ್ಣಿದೆ ಎಂದರ್ಥ, ಸರಿಯಾದ ಕೋಡಿಗೆ ಮೊದಲು ಬಂದಿದ್ದ ಹಸಿರನ್ನೂ ನಂಬಬಹುದು. ವರ್ಷವಿಡೀ ಹಸಿರು ಬರಲಪ್ಪಾ ಎಂದು ಬೇಡಿಕೊಳ್ಳುವ ನಾನು ಇವತ್ತು ಕೆಂಪಿಗಾಗಿ ಬೇಡಿಕೊಳ್ಳುತ್ತಿದ್ದೇನೆ. ಕೆಂಪು ಬಂದರೆ ಒತ್ತಿ ಸರ್, ಮೊದಲ ಚಪ್ಪಾಳೆ ನನ್ನದೇ.

ಬಂದಳು. ಹಿಂದಿನ ಬಾಗಿಲಲ್ಲಿ ನಿಂತಿದ್ದಾಳೆ. ಏನಾಯ್ತೇ? ಕೆಂಪಾ?

ಇಲ್ಲ ಎಂದು ತಲೆ ಆಡಿಸುತ್ತಿದ್ದಾಳೆ. ಹಸಿರು. ಎಲ್ಲವೂ ಹಸಿರು.

ಬೇಡ ಸರ್, ಒತ್ತಬೇಡಿ! ಅಧ್ಯಕ್ಷರೇ, ಅವರಿಗೆ ಸನ್ನೆ ಮಾಡಿ ಪ್ರಯೋಜನವಿಲ್ಲ. ಬಟನ್ನಿನ ತಂತಿ ಇಗೋ, ನನ್ನ ಕೈಯಲ್ಲಿದೆ, ಕಿತ್ತಿದ್ದೇನೆ. ಬಾಗಿಲು ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಸರಿಯಿದೆ ಎಂದು ಹೇಳಲು ನಮ್ಮ ಬಳಿ ಏನೂ ಇಲ್ಲ. ಮನೆಗೆ ಕಳಿಸುವುದಾದರೆ ಇಬ್ಬರನ್ನೂ ಕಳಿಸಿ. ಹೊರಗಿನ ಲಿಫ್ಟಿನಲ್ಲೇ ಇಳಿದು ಹೋಗುತ್ತೇವೆ. ಅದರಲ್ಲಿ ಇನ್ನೂ ಹಳೆಯ ಪ್ರೋಗ್ರಾಂ ಇದೆ. ನೀವು ಯಾರಾದರೂ ನಮ್ಮನ್ನು ವಾಪಸು ಕರೆಯಲು ಬಂದು ಬಾಗಿಲಿಗೆ ಕೈ ಅಡ್ಡ ಹಿಡಿದರೂ ಕೈಗೆ ಏನೂ ಆಗುವುದಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡು ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.