ಕಾರಿಡಾರಿನಲ್ಲಿ ಕಲಿತ ನಡಿಗೆ

ಎಲ್ಲರಿಗೂ ನಮಸ್ಕಾರ. ವಿಷ್ಣುಮೂರ್ತಿ ಭಾವ, ವೀಕ್ಷಾ — ಹೆಂಡತಿಯನ್ನು, ತಾಯಿಯನ್ನು ಕಳೆದುಕೊಂಡ ನಿಮಗೆ ಏನು ಹೇಳಬೇಕೋ ನನಗೆ ತೋಚುತ್ತಿಲ್ಲ. ಕೋಡಂಬಾಕ್ಕಂ, ಅಣ್ಣಾ ನಗರ್ ಕಡೆಯಿಂದ ಬಂದಿರುವ ನಮ್ಮವರಿಗೆ, ಚೆಂಗಲ್ಪಟ್ಟಿನಾಚೆಯ ಇರುಳ ಬುಡಕಟ್ಟಿನವರ ಹಾಡಿಯಿಂದ ಬಸ್ಸು ಹತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ಕನ್ನಿಯಮ್ಮನಿಗೆ, ಅವಳ ತಾಯಿಗೆ — ವಣಕ್ಕಂ.

ನಾನು ಶಾಲಿನಿ. ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಸುಗುಣಕ್ಕನ ಜೊತೆ ಕೆಲಸ ಮಾಡಿದವಳು. ಜೊತೆ ಅಂದರೆ — ಅವರು ಹೇಳುವುದು, ನಾನು ಮಾಡುವುದು. ನಗಿ, ನಗಿ. ಅಳುಮೋರೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಈ ಕನ್ನಿಯಮ್ಮನಿಗೆ ಹುಟ್ಟಿನಿಂದಲೇ ಕಾಲಿನ ಸ್ನಾಯು ಬಿಗಿ. ವ್ಯಾಯಾಮ ಮಾಡಿಸಿದರೆ ನಡೆಯುವ ಮಗು. ಊರಿನೊಳಗಿನ ಮಕ್ಕಳ ಮನೆಗೆ ಸರ್ಕಾರದ ಥೆರಪಿಸ್ಟ್ ಬರುತ್ತಿದ್ದರು. ಹಾಡಿಗೆ ಮಾತ್ರ ಇಲ್ಲ — ರಸ್ತೆ ಸರಿಯಿಲ್ಲವಂತೆ! ರಸ್ತೆ ಇಲ್ಲದವರಿಗೆ ಕಾಲೂ ಬೇಡವೇ? ಸುಗುಣಕ್ಕ ಕೇಳಿದ್ದು ಇಷ್ಟೇ. ಕೇಳಿ ಸುಮ್ಮನಾಗಲಿಲ್ಲ, ಹಾಡಿಯ ಅಂಗವಿಕಲ ಮಕ್ಕಳೆಲ್ಲರ ಪರವಾಗಿ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು.

ಆಮೇಲೆ — ವಾಯಿದೆ. ಎದುರು ಕಡೆಯವರು ಬಂದಿಲ್ಲ, ವಾಯಿದೆ. ಬಂದರು, ಉತ್ತರ ತಂದಿಲ್ಲ — ವಾಯಿದೆ. ಅಂಗನವಾಡಿಗೆ ಹೋಗುತ್ತಿದ್ದ ಹುಡುಗಿ ಹೈಸ್ಕೂಲು ಸೇರಿದಳು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳೆಯುವ ಕಾಲು ವಾಯಿದೆ ಕೊಡುತ್ತದೆಯೇ?

ಸುಗುಣಕ್ಕ ಮಾತ್ರ ಪ್ರತಿ ಸಲ ಕಂಕುಳಲ್ಲಿ ಒಂದು ಚಾಪೆ ತರುತ್ತಿದ್ದರು. ನಮ್ಮ ಸರದಿ ಬರುವವರೆಗೆ ಕಾರಿಡಾರಿನಲ್ಲಿ ಅದನ್ನು ಹಾಸಿ — ಹೀಗೆ — ಮಗುವಿನ ಕಾಲು ಹಿಡಿದು ವ್ಯಾಯಾಮ. ಮುಂದಿನ ವಾಯಿದೆಯವರೆಗೆ ಅದನ್ನೇ ತಾಯಿ ದಿನವೂ ಮಾಡಿಸಬೇಕು.

"ಅಮ್ಮಾ, ಇದು ಆಫೀಸ್‌ಮ್ಮಾ" ಅಂದ ಜವಾನ.

"ನೀವು ಕಾಯಿಸ್ತೀರಿ, ನಾವು ಕಾಯ್ತೇವೆ. ಕೈ ಯಾಕೆ ಸುಮ್ನೆ ಕೂರ್ಬೇಕು ಮಾರಾಯ?"

ಕುಂದಾಪುರದ ಬಾಯಿ ಅಲ್ಲವೇ — ತಮಿಳು ಆಡಿದರೂ ಆ ಮಾರಾಯ ಬಿಡುತ್ತಿರಲಿಲ್ಲ! ಕೊನೆಕೊನೆಗೆ ಆ ಜವಾನನೇ ಜಾಗ ಗುಡಿಸಿ ಚಾಪೆ ಹಾಸುತ್ತಿದ್ದ. ಮಗು ಏಳುವಾಗ ಯಾರಾದರೂ ಕೈ ಚಾಚಿದರೆ ಸುಗುಣಕ್ಕ ಗದರುತ್ತಿದ್ದರು — "ಕೈ ಕೊಡ್ಬೇಡಿ. ಅವಳೇ ಏಳ್ತಾಳೆ."

ಆ ಚಾಪೆಯೇ ಕೊನೆಗೆ ಕುತ್ತಿಗೆಗೆ ಬಂತು. ವಿಚಾರಣೆಯ ದಿನ ಕನ್ನಿಯಮ್ಮ ಕೋಲು ಊರಿಕೊಂಡು ತಾನೇ ಒಳಗೆ ನಡೆದಳು. ಎದುರು ವಕೀಲರು ತಟ್ಟನೆ ಎದ್ದರು — "ಮಗು ನಡೀತಿದೆಯಲ್ಲ, ಇನ್ನು ದೂರು ಯಾತಕ್ಕೆ? ವಜಾ ಮಾಡಿ." ನಾವು ಮಾಡಿದ ಒಳ್ಳೆಯದೇ ಉಳಿದ ಮಕ್ಕಳ ಬಾಯಿಗೆ ಮಣ್ಣು ಹಾಕಿತಲ್ಲ!

ಸುಗುಣಕ್ಕ ಸೆರಗು ಸರಿಮಾಡಿಕೊಂಡು ಎದ್ದರು.

"ನಡೀತಾಳೆ ಸಾರ್. ನಿಮ್ಮ ಕಾರಿಡಾರ್‌ನಲ್ಲೇ ಕಲಿತಳು. ಅಷ್ಟು ಕಾಯಿಸಿದ್ದೀರಿ. ಹಾಡಿಯಲ್ಲಿ ಇನ್ನೂ ಮಕ್ಕಳಿದ್ದಾರೆ — ಅವರನ್ನೂ ಇಲ್ಲಿಗೇ ಕರ್ಕೊಂಡು ಬರ್ಲಾ?"

ಬಾಗಿಲಲ್ಲಿದ್ದ ಜವಾನ ಕಿಸಕ್ಕನೆ ನಕ್ಕ. ಪೀಠದಲ್ಲಿದ್ದವರು ನಗಲಿಲ್ಲ, ತಲೆ ತಗ್ಗಿಸಿ ಏನೋ ಬರೆದುಕೊಂಡರು. ಆದೇಶ ಬಂತು.

ಈಗ ವಾರವಾರ ಹಾಡಿಗೆ ಥೆರಪಿಸ್ಟ್ ಹೋಗುತ್ತಾರೆ. ಮೊದಲ ದಿನ ಸುಗುಣಕ್ಕನೂ ಹೋಗಿದ್ದರು. ಬೇವಿನ ಮರದಡಿ ಕೂತು, ಕೈ ಕಟ್ಟಿಕೊಂಡು, ಬರೀ ನೋಡಿದರು. "ಇವತ್ತು ನಂಗೆ ರಜೆ, ಶಾಲಿನಿ" ಅಂದರು. ಅಷ್ಟು ತೃಪ್ತಿಯ ಮುಖ ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೇ ಇವತ್ತು ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚು.

ಬನ್ನಿ, ಅವರಿಗಾಗಿ ಎದ್ದು ನಿಲ್ಲೋಣ. ಕನ್ನಿಯಮ್ಮಾ, ನೀಯುಂ ವಾ ಕಣ್ಣು, ನೀನೂ ಬಾ ಚಿನ್ನಾ, ಏಳು — ಬೇಡ ಸಾರ್, ಕೈ ಕೊಡಬೇಡಿ. ಅವಳೇ ಏಳುತ್ತಾಳೆ. ಸ್ವಲ್ಪ ಹೊತ್ತಾಗುತ್ತದೆ, ಆಗಲಿ. ಇಷ್ಟು ವರ್ಷ ಅವಳು ಕಾದಳು, ಈಗ ನಾವು ಕಾಯೋಣ. ಅವಳು ನಿಂತ ಮೇಲೆಯೇ ಮೌನ ಶುರು.